ಮೂರನೆಯ ಟವೆಲ್

ಎದ್ದು ನೋಡಬೇಕೋ ಬೇಡವೋ? ನೋಡದೇ ಇರುವಷ್ಟು ಹೊತ್ತು ಏನೂ ಆಗಿಲ್ಲವೆಂದೇ ಅಂದುಕೊಳ್ಳಬಹುದು. ಎರಡು ಸಲ ಒಪ್ಪಿದ್ದು ಮೂರನೆಯ ಸಲವೂ ಒಪ್ಪಲೇಬೇಕೆಂದೇನಿಲ್ಲ. ನಾಯಿಗೂ ಮನಸ್ಸಿದೆ, ಅದೂ ಬದಲಾಗುತ್ತದೆ. ಬದಲಾಗಲಿ ಎಂದು ನಾನೇ ಆಸೆಪಡುತ್ತಿದ್ದೇನೆಯೇ? ಹಾಗಿದ್ದರೆ ಈ ಕೆಲಸಕ್ಕೆ ಕೈ ಹಾಕಬಾರದಿತ್ತು.

ಬೆಳಗಿನ ಜಾವ ನಾಲ್ಕೂವರೆ. ಬೀಗದಣ್ಣ ಕಣ್ಣು ಬಿಟ್ಟುಕೊಂಡು ಮಲಗಿದ್ದಾರೆ. ಒಂದೇ ಕೋಣೆಯ ಮನೆ. ತಲೆಯ ಕಡೆ ಒಲೆ, ಕಾಲಿನ ಕಡೆ ಬಾಗಿಲು, ನಡುವೆ ನಾಲ್ಕು ನಾಯಿಗಳ ಉಸಿರು. ಮೂರನ್ನು ಕಿವಿಯಿಂದಲೇ ಗುರುತು ಹಿಡಿಯುತ್ತಾರೆ. ಗೊರಕೆ ಹೊಡೆಯುವುದು ಕುಂಟ. ನಿದ್ದೆಯಲ್ಲಿ ಕಾಲು ಒದರುವುದು ಮರಿ. ಮಂಚದಡಿ ನಿಟ್ಟುಸಿರು ಬಿಡುವುದು ಕರಿಯ. ನಾಲ್ಕನೆಯದು ಮುದುಕಿ. ಅದರ ಉಸಿರು ಒಲೆಯ ಬಳಿಯಿಂದ ಬರುತ್ತಿದೆಯೋ, ಗೋಡೆ ಪಕ್ಕ ಹಾಸಿಟ್ಟ ಟವೆಲಿನ ಬಳಿಯಿಂದಲೋ ತಿಳಿಯುತ್ತಿಲ್ಲ.

ಕೊನೆಗೆ ಎದ್ದು ದೀಪ ಹಾಕುತ್ತಾರೆ. ಮುದುಕಿ ಟವೆಲಿನ ಮೇಲೆಯೇ ಮಲಗಿದೆ. ಮೂತಿಯನ್ನು ಮಡಿಕೆಯೊಳಗೆ ತೂರಿಸಿಕೊಂಡು, ಒಂದು ಕಿವಿ ಮಡಚಿಕೊಂಡು, ಸುಖವಾಗಿ.

"ಮೂರಕ್ಕೆ ಮೂರು," ಎನ್ನುತ್ತಾರೆ ಬೀಗದಣ್ಣ. ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಕುಕ್ಕರಿಗೆ ನೀರು ತುಂಬಿಸುತ್ತಾರೆ.

ಈ ಟವೆಲಿನ ವಿಷಯ ಗೊತ್ತಾಗದಿದ್ದರೆ ಬೀಗದಣ್ಣನ ಕೆಲಸ ಅರ್ಥವಾಗುವುದಿಲ್ಲ. ನಾಯಿ ಬೇಕೆಂದು ಬಂದವರಿಗೆ ಅವರು ಮೊದಲು ನಾಯಿಯನ್ನು ತೋರಿಸುವುದಿಲ್ಲ, ಹಳೆಯದೊಂದು ಟವೆಲ್ ಕೊಡುತ್ತಾರೆ. ಮೂರು ದಿನ ಅದು ಆ ಮನೆಯಲ್ಲಿರಬೇಕು. ಮನೆಯವರು ಅದರಲ್ಲಿ ಕೈ ಒರೆಸಬೇಕು, ಅದರ ಮೇಲೆ ಕೂರಬೇಕು, ದಿಂಬಿನ ಕೆಳಗೂ ಇಟ್ಟುಕೊಳ್ಳಬೇಕು. ನಾಲ್ಕನೆಯ ದಿನ ಬೀಗದಣ್ಣ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದು ರಾತ್ರಿ ನಾಯಿಯ ಪಕ್ಕ ಹಾಸುತ್ತಾರೆ. ಬೆಳಿಗ್ಗೆ ಅದರ ಮೇಲೆ ಮಲಗಿದ್ದರೆ ಆ ಮನೆ ಆಗಬಹುದು. ಮೂಲೆಗೆ ಎಳೆದು ಹಾಕಿದ್ದರೆ ಬೇಡ.

"ನಾವು ಮನೆ ನೋಡ್ತೀವಿ, ಗೋಡೆ ನೋಡ್ತೀವಿ, ಅಂಗಳ ನೋಡ್ತೀವಿ," ಎನ್ನುತ್ತಾರೆ ಅವರು. "ನಾಯಿಗೆ ಅದೆಲ್ಲ ಬೇಡ. ಆ ಮನೇಲಿ ಜನ ಹೆದರ್ಕೊಂಡಿದಾರಾ, ಸಿಟ್ಟಲ್ಲಿದಾರಾ, ಎಲ್ಲ ಬಟ್ಟೇಲೇ ಇರ್ತದೆ. ನಮ್ಮ ಮೂಗಿಗೆ ಸಿಗಲ್ಲ, ಅಷ್ಟೇ."

ಈ ಪರೀಕ್ಷೆಯೂ ಒಮ್ಮೆ ಕೈಕೊಟ್ಟಿದೆ. ಅಚ್ಚುಕಟ್ಟಿನ ಒಂದು ಸಂಸಾರ ಟವೆಲನ್ನು ಸೋಪು ಹಾಕಿ ಒಗೆದು, ಬಿಸಿಲಿಗೆ ಒಣಗಿಸಿ, ಮಡಿಸಿ ಕೊಟ್ಟಿತ್ತು. ಕೊಳಕು ಬಟ್ಟೆ ವಾಪಸು ಕೊಡುವುದು ಹೇಗೆ ಎಂಬ ಸಂಕೋಚ ಅವರದು. ಕಂದು ಬಣ್ಣದ ನಾಯಿಯೊಂದು ಅದರ ಮೇಲೆ ಹಾಯಾಗಿ ಮಲಗಿತು. ನಾಯಿಯನ್ನು ಕಳಿಸಿಕೊಟ್ಟ ನಾಲ್ಕನೆಯ ದಿನಕ್ಕೆ ಫೋನು ಬಂತು. ಹೋಗಿ ನೋಡಿದರೆ ಬಾಗಿಲಿನ ಕೆಳಭಾಗ ಪೂರ್ತಿ ಕೆರೆದು ಹೋಗಿದೆ, ನಾಯಿಯ ಉಗುರಿನಲ್ಲಿ ರಕ್ತ. "ಅದು ಒಪ್ಪಿದ್ದು ಸೋಪನ್ನ. ಮನೇನಲ್ಲ. ತಪ್ಪು ನಂದು, ತೊಳೀಬೇಡಿ ಅಂತ ನಾನು ಹೇಳಿರಲಿಲ್ಲ."

ಹನ್ನೊಂದು ವರ್ಷದಲ್ಲಿ ನೂರ ಅರವತ್ತಮೂರು ನಾಯಿಗಳು ಅವರ ಕೈಯಿಂದ ಬೇರೆ ಮನೆಗಳಿಗೆ ಹೋಗಿವೆ. ಮೂವತ್ತೊಂದು ಹಿಂದಕ್ಕೆ ಬಂದಿವೆ. ಅವುಗಳಲ್ಲಿ ಇಪ್ಪತ್ತೇಳು ಮತ್ತೆ ಬೇರೆ ಕಡೆ ನೆಲೆ ಕಂಡಿವೆ. ಬದುಕುಳಿಯದ ನಾಲ್ಕರ ಬಗ್ಗೆ ಕೇಳಿದರೆ ಬೀಗದಣ್ಣ ಅಕ್ಕಿ ತೊಳೆಯಲು ಶುರುಮಾಡುತ್ತಾರೆ.

ವಯಸ್ಸು ಐವತ್ತೇಳು. ಕಸುಬು ಬೀಗ ರಿಪೇರಿ. ಬಸ್ ನಿಲ್ದಾಣದ ಎದುರು, ಮೆಟ್ಟಿಲ ಕೆಳಗಿನ ಮೂರಡಿ ಅಗಲದ ಗೂಡಿನಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಎಂಟರವರೆಗೆ ಕೂತು ಬೀಗದ ಕೈಗಳನ್ನು ಅರದಿಂದ ಉಜ್ಜುತ್ತಾರೆ. ಬೀಗದ ಕೈ ಕಳೆದುಕೊಂಡವರ ಮನೆಗೂ ಹೋಗುತ್ತಾರೆ. ನಾಯಿಗಳು ಅವರ ಬದುಕಿಗೆ ಬಂದದ್ದು ಹೀಗೆ ಹೋದ ಒಂದು ಮನೆಯಿಂದ. ಬಾಡಿಗೆಯವರು ಹೇಳದೇ ಕೇಳದೇ ಖಾಲಿ ಮಾಡಿದ್ದಾರೆ, ಬಾಗಿಲು ತೆಗೆದುಕೊಡಿ ಎಂದು ಮನೆಯ ಮಾಲೀಕರು ಕರೆದಿದ್ದರು. ತೆಗೆದರೆ ಒಳಗೆ ಖಾಲಿ ಬಕೆಟ್ಟಿನ ಪಕ್ಕ ಒಂದು ನಾಯಿ. ಮಾಲೀಕರು, "ಇದನ್ನೂ ಹಂಗೇ ಹೊರಗೆ ಹಾಕಿಬಿಡಿ," ಎಂದರು. ಬೀಗದಣ್ಣ ಹೊರಗೆ ಹಾಕಿದರು, ಅದು ಹಿಂದೆಯೇ ಬಂತು. ಆಮೇಲೆ ಊರಿನಲ್ಲಿ ಎಲ್ಲಿ ಹಾಗೆ ಬಿಟ್ಟುಹೋದ ನಾಯಿ ಸಿಕ್ಕರೂ ಜನ ಅವರಿಗೇ ಹೇಳಿಕಳಿಸತೊಡಗಿದರು.

"ಮನೆ ಖಾಲಿ ಮಾಡೋವಾಗ ಜನ ಬಲ್ಬೂ ಬಿಚ್ಕೊಂಡು ಹೋಗ್ತಾರೆ," ಎನ್ನುತ್ತಾರೆ. "ಹೊರಡೋ ಮುಂಚೆ ಒಂದು ಸಲ ತಿರುಗಿ ನೋಡಿದ್ರೆ ಸಾಕಿತ್ತು. ಅಷ್ಟೇ ನಾನು ಕೇಳೋದು."

ಮುದುಕಿ ಸಿಕ್ಕಿದ್ದು ಎಂಟು ತಿಂಗಳ ಹಿಂದೆ. ಎರಡನೆಯ ಮಹಡಿಯ ಮನೆ, ಬಾಡಿಗೆಯವರು ಹೋಗಿ ಆರು ದಿನವಾಗಿತ್ತು. ಬೀಗದೊಳಗೆ ಕಂಬಿ ತೂರಿಸಿ ಕಿವಿ ಹತ್ತಿರ ತಂದಾಗ ಆಚೆ ಕಡೆಯಿಂದ ಉಸಿರು ಕೇಳಿಸಿತು. ಬೊಗಳಲಿಲ್ಲ, ಕುಂಯ್‌ಗುಡಲಿಲ್ಲ. ಬಾಗಿಲಿಗೆ ಮೂಗು ಒತ್ತಿಕೊಂಡು ಯಾರೋ ಕಾಯುತ್ತಿರುವ ಉಸಿರು. ನಲ್ಲಿಯಿಂದ ತೊಟ್ಟಿಕ್ಕುವ ನೀರು ನೆಕ್ಕಿಕೊಂಡು ಅದು ಬದುಕಿತ್ತು. ವಯಸ್ಸು ಹತ್ತರ ಮೇಲೆಯೇ ಎಂದರು ಡಾಕ್ಟರು. ಅಂದಿನಿಂದ ಬೀಗ ಬೀಳುವ ಟಕ್ಕೆಂಬ ಸದ್ದು ಕೇಳಿದರೆ ಮುದುಕಿಯ ಮೈಯೆಲ್ಲ ನಡುಗುತ್ತದೆ, ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತದೆ.

ಹಾಗಾಗಿ ಎಂಟು ತಿಂಗಳಿಂದ ಬೀಗ ರಿಪೇರಿಯವರ ಮನೆಗೆ ಬೀಗವಿಲ್ಲ. ಬರಿ ಚಿಲಕ. ಬೀದಿಯವರಿಗೆ ಇದೊಂದು ತಮಾಷೆ. "ಕಳ್ಳರಿಗೆ ಗೊತ್ತಾದ್ರೆ ಏನ್ಮಾಡ್ತೀರಿ?" ಎಂದರೆ, "ಬಂದ್ರೆ ಒಂದು ನಾಯಿ ತಗೊಂಡು ಹೋಗ್ಲಿ, ಟವೆಲ್ ನಾನು ಕೊಡ್ತೀನಿ," ಎನ್ನುತ್ತಾರೆ.

ಆದರೆ ಚಿಲಕ ಹಾಕಿದರೂ ಬಾಗಿಲು ಮುಚ್ಚಿದ ಬಾಗಿಲೇ. ಮೇಲಿನ ಮನೆಯ ನರ್ಸಮ್ಮನಿಗೆ ರಾತ್ರಿ ಪಾಳಿ, ಹಗಲು ಮನೆಯಲ್ಲಿರುತ್ತಾರೆ. ಮೆಟ್ಟಿಲು ಹತ್ತಿ ಇಳಿಯುವಾಗ ಬೀಗದಣ್ಣನ ಕಿಟಕಿಯಿಂದ ಅವರು ಕಂಡದ್ದನ್ನು ಒಂದು ದಿನ ಹೇಳಿಬಿಟ್ಟರು. "ಬೇರೆ ಮೂರೂ ಬಿದ್ಕೊಂಡಿರ್ತಾವೆ ಅಣ್ಣಾ. ಆ ಮುದುಕಿ ಮಾತ್ರ ನೀವು ಹೋದಾಗಿನಿಂದ ಬರೋವರೆಗೂ ಬಾಗಿಲಿಗೆ ಮುಖ ಮಾಡಿ ನಿಂತೇ ಇರ್ತದೆ. ಕೂರೋದೂ ಇಲ್ಲ." ಹಗಲಿಡೀ ಹನ್ನೆರಡು ತಾಸು, ಹತ್ತು ವರ್ಷ ದಾಟಿದ ಕಾಲುಗಳ ಮೇಲೆ. ಅಂಗಡಿಗೆ ಕರೆದುಕೊಂಡು ಹೋಗಿಯೂ ನೋಡಿದರು. ಆ ಗೂಡಿನಲ್ಲಿ ದಿನವಿಡೀ ಬೀಗ ಹಾಕಿ ತೆಗೆದು ನೋಡುವುದೇ ಕೆಲಸ. ಹತ್ತು ನಿಮಿಷಕ್ಕೆ ಅಂಗಡಿ ಮುಚ್ಚಿ ಹಿಂದಿರುಗಿದರು.

ಆವತ್ತೇ ಮುದುಕಿಗೆ ಮನೆ ಹುಡುಕಲು ಶುರುಮಾಡಿದ್ದು. ಮರಿಯಾದರೆ ಕೇಳುವವರು ಹತ್ತು ಜನ, ಮುದಿ ನಾಯಿಯನ್ನು ಕೇಳುವವರಿಲ್ಲ. ಹುಡುಕಿ ಹುಡುಕಿ ಸಿಕ್ಕವರು ಟೈಲರಮ್ಮ. ಮಗಳು ಕೆಲಸದ ಊರಿಗೆ ಹೋದಮೇಲೆ ಒಬ್ಬರೇ. ಮಂಡಿ ನೋವು, ಹೊರಗೆ ಕಾಲಿಡುವುದಿಲ್ಲ. ಜಿಪ್ ಹಾಕಿಸುವವರು, ಪ್ಯಾಂಟಿನ ಅಂಚು ಮಡಿಸಿ ಹೊಲಿಸುವವರು ಬಂದು ಹೋಗುತ್ತಿರಲೆಂದು ಬೆಳಿಗ್ಗೆ ಆರಕ್ಕೆ ತೆಗೆದ ಬಾಗಿಲನ್ನು ಕತ್ತಲಾಗುವವರೆಗೆ ಮುಚ್ಚುವುದಿಲ್ಲ. ಇದಕ್ಕಿಂತ ಒಳ್ಳೆಯ ಮನೆ ಸಿಗದು. ಇದು ಬೀಗದಣ್ಣನಿಗೆ ಮೊದಲ ದಿನವೇ ಗೊತ್ತಾಗಿತ್ತು.

ಹಾಗಿದ್ದೂ ಮೂರು ಟವೆಲ್ ಯಾಕೆ? ಮೊದಲನೆಯದನ್ನು ಟೈಲರಮ್ಮ ಅಭ್ಯಾಸಬಲದಿಂದ ಇಸ್ತ್ರಿ ಮಾಡಿ ಕೊಟ್ಟಿದ್ದರು. ಮುದುಕಿ ಅದರ ಮೇಲೆ ಮಲಗಿತು. ಇಸ್ತ್ರಿಯ ಬಿಸಿಗೆ ವಾಸನೆ ಹೋಗಿರಬಹುದು, ಇನ್ನೊಂದು ಸಲ ನೋಡೋಣ ಎಂದರು ಬೀಗದಣ್ಣ. ಎರಡನೆಯದರ ಮೇಲೂ ಮಲಗಿತು. ನನ್ನ ಹಾಸಿಗೆಯ ಹತ್ತಿರ ಹಾಸಿದ್ದೆ, ನನ್ನ ವಾಸನೆ ಬೆರೆತಿರಬಹುದು ಎಂದರು. ಮೂರನೆಯದನ್ನು ಎದುರು ಗೋಡೆಯ ಪಕ್ಕ ಹಾಸಿದರು. ಇನ್ನು ಹೇಳಲು ನೆವ ಉಳಿದಿಲ್ಲ.

ಭಾನುವಾರ ಬರುವ ಅಕ್ಕನಿಗೆ ಇದೆಲ್ಲ ಒಂದೇ ನೋಟಕ್ಕೆ ತಿಳಿದಿತ್ತು. ತಮ್ಮನಿಗಿಂತ ಆರು ವರ್ಷ ದೊಡ್ಡವರು. ಹೋದ ವಾರ ಬಂದವರೇ ಮುದುಕಿಯ ಪಕ್ಕ ನೆಲಕ್ಕೆ ಕೂತು ಅದರ ಕಿವಿ ಸವರಿದರು.

"ಏನೋ ಇದು, ಇಪ್ಪತ್ತು ದಿನದಿಂದ ಅದೇ ಟವೆಲಿನ ಪುರಾಣ? ಕೊಡೋ ಹಾಗಿದ್ರೆ ಕೊಡು, ಇಟ್ಕೊಳ್ಳೋ ಹಾಗಿದ್ರೆ ಇಟ್ಕೋ."

"ಇಟ್ಕೊಂಡು? ದಿನಾ ಬೆಳಿಗ್ಗೆ ನಾನೇ ಬಾಗಿಲು ಎಳ್ಕೊಂಡು ಹೋಗ್ಬೇಕಲ್ಲಕ್ಕ."

"ಹಾಗಾದ್ರೆ ಕೊಡು."

ತಮ್ಮ ಕುಂಟನ ಮೈಯಲ್ಲಿ ಉಣ್ಣೆ ಹುಡುಕತೊಡಗಿದರು. ಅಕ್ಕ ಬಿಡಲಿಲ್ಲ. "ಊರಿನ ಬೀಗ ಎಲ್ಲ ತೆಗೀತೀಯ. ನಿನ್ನ ಬಾಯಿಗೆ ಬಿದ್ದಿರೋ ಬೀಗಕ್ಕೆ ಮಾತ್ರ ಕೀ ಸಿಕ್ಕಿಲ್ಲ ನೋಡು."

"ಎಣ್ಣೆ ಬಿಡ್ಬೇಕಕ್ಕ. ತುಕ್ಕು ಹಿಡಿದಿದೆ."

"ನಗಾಡು, ನಗಾಡು. ಆವತ್ತೂ ಹೀಗೇ. ನಿನ್ನ ಒಪ್ಪಿದ್ದ ಆ ಹುಡುಗಿ ಎರಡು ತಿಂಗಳು ಕಾದಳು, ಒಂದು ಮಾತು ಹೇಳ್ತೀಯೇನೋ ಅಂತ. ನೀನು ಅರ ಹಿಡ್ಕೊಂಡು ಕೂತಿದ್ದೆ."

ಮೂವತ್ತು ವರ್ಷದ ಹಿಂದಿನ ಮಾತು. ಬೀಗದಣ್ಣ ಎದ್ದು ಅಕ್ಕನಿಗೆ ಚಹಾ ಬಸಿದುಕೊಟ್ಟರು. ಆಮೇಲೆ ಇಬ್ಬರೂ ನಾಯಿಗಳ ಹೊಟ್ಟೆಹುಳದ ಔಷಧಿಯ ಬಗ್ಗೆ ಮಾತಾಡಿದರು.

ಇವತ್ತು ಬೆಳಿಗ್ಗೆ ಕುಕ್ಕರು ಇಳಿಸಿದ ಮೇಲೆ ಬೀಗದಣ್ಣ ಬಾಗಿಲ ಬೆಳಕಿಗೆ ಕೂರುತ್ತಾರೆ. ಕೈಯಲ್ಲಿ ಇನ್ನೂ ಹಲ್ಲು ಕೊರೆಯದ ಹಿತ್ತಾಳೆಯ ಬೀಗದ ಕೈ. ಹೋಗುವ ಪ್ರತಿ ನಾಯಿಯ ಕೊರಳಪಟ್ಟಿಗೂ ಇಂಥದ್ದೊಂದನ್ನು ಕಟ್ಟಿ ಕಳಿಸುತ್ತಾರೆ. ಅದರ ಮೇಲೆ ಉಳಿಯಿಂದ ಕುಟ್ಟಿದ ಅವರ ಫೋನ್ ನಂಬರು. "ಹಲ್ಲು ಕೊರೆದ್ರೆ ಅದು ಯಾವುದೋ ಒಂದು ಬಾಗಿಲಿಗೆ ಆಗಿಬಿಡ್ತದೆ. ಇದು ಯಾವುದಕ್ಕೂ ಆಗಲ್ಲ. ಹಾಗೇ ಇರ್ಲಿ." ಹತ್ತು ಅಂಕಿ ಕುಟ್ಟಲು ಅವರಿಗೆ ಸಾಮಾನ್ಯವಾಗಿ ಎರಡು ನಿಮಿಷ ಸಾಕು. ಇವತ್ತು ಏಳನೆಯ ಅಂಕಿ ಓರೆಯಾಗುತ್ತದೆ. ಇನ್ನೊಂದನ್ನು ತೆಗೆದುಕೊಂಡು ಮೊದಲಿಂದ ಕುಟ್ಟುತ್ತಾರೆ.

ಟೈಲರಮ್ಮನ ಮನೆ ಇಪ್ಪತ್ತು ನಿಮಿಷದ ನಡಿಗೆ. ಮುದುಕಿಯ ಜೊತೆ ನಲವತ್ತು. ಅದು ಪ್ರತಿ ಕಂಬದ ಬುಡವನ್ನೂ ವಿಚಾರಿಸಿಕೊಂಡು ಬರುತ್ತದೆ, ಇವರು ಹಗ್ಗ ಎಳೆಯುವುದಿಲ್ಲ. ತಲುಪಿದಾಗ ಮೆಷಿನ್ ಓಡುತ್ತಿದೆ. ಬಾಗಿಲು ತೆರೆದೇ ಇದೆ, ತಾನಾಗಿ ಮುಚ್ಚಿಕೊಳ್ಳದಂತೆ ಒಂದು ಇಟ್ಟಿಗೆ ಅಡ್ಡ ಇಟ್ಟಿದ್ದಾರೆ.

"ಪಾಸಾದ್ನಾ ನಾನು?" ಎನ್ನುತ್ತಾರೆ ಟೈಲರಮ್ಮ, ಕನ್ನಡಕದ ಮೇಲಿಂದ ನೋಡಿ.

"ಮೊದಲನೇ ನಂಬರು."

"ಸರ್ಕಾರಿ ಕೆಲಸಕ್ಕೂ ಇಷ್ಟು ಸಲ ಕರೆಯಲ್ಲ ಬೀಗದಣ್ಣ! ನಾಲ್ಕನೇ ಟವೆಲ್ ಕೊಟ್ಟಿದ್ರೆ ಎಲ್ಲ ಸೇರಿಸಿ ನಿಮಗೇ ಒಂದು ಅಂಗಿ ಹೊಲಿದುಬಿಡ್ತಿದ್ದೆ."

ಬೀಗದಣ್ಣ ನಗುತ್ತಾರೆ. ಆಮೇಲೆ ಹೇಳಬೇಕಾದ್ದನ್ನೆಲ್ಲ ಹೇಳುತ್ತಾರೆ. ಗಂಟುನೋವಿಗೆ ಊಟದ ಜೊತೆ ಅರ್ಧ ಮಾತ್ರೆ. ಅನ್ನ ಮೆತ್ತಗಿರಬೇಕು, ಎಡಗಡೆ ಹಲ್ಲಿಲ್ಲ. ರಾತ್ರಿ ಬಾಗಿಲು ಹಾಕುವಾಗ ಚಿಲಕ ಮೆಲ್ಲಗೆ, ಬೀಗ ಬೇಡವೇ ಬೇಡ. ಗುಡುಗಿದರೆ ಹೆದರುವುದಿಲ್ಲ. ಬಕೆಟ್ಟು ಖಾಲಿ ಕಂಡರೆ ಹೆದರುತ್ತದೆ, ಯಾವಾಗಲೂ ಸ್ವಲ್ಪ ನೀರಿರಲಿ.

ಮುದುಕಿ ಕೋಣೆಯನ್ನು ಒಂದು ಸುತ್ತು ಹಾಕುತ್ತದೆ. ಚಿಂದಿಯ ರಾಶಿ ಮೂಸುತ್ತದೆ, ಮೆಷಿನ್ನಿನ ಪೆಡಲು ಮೂಸುತ್ತದೆ, ಟೈಲರಮ್ಮನ ಪಾದದ ಬಳಿ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಆಮೇಲೆ ನಿಧಾನವಾಗಿ ಬಾಗಿಲಿಗೆ ಬರುತ್ತದೆ. ಮುಂದಿನದು ಬೀಗದಣ್ಣನಿಗೆ ಗೊತ್ತು. ಈಗ ಅದು ನಿಲ್ಲುತ್ತದೆ, ಬೀದಿಗೆ ಮುಖ ಮಾಡಿ, ನಿಂತೇ ಇರುತ್ತದೆ.

ಮುದುಕಿ ನಿಲ್ಲುವುದಿಲ್ಲ. ಹೊಸ್ತಿಲ ಮೇಲೆ ಮುಂಗಾಲು ಚಾಚಿ, ಅರ್ಧ ಮೈ ಒಳಗೆ, ಅರ್ಧ ಮೈ ಬಿಸಿಲಿಗೆ ಹಾಕಿ ಮಲಗಿಬಿಡುತ್ತದೆ. ಎಂಟು ತಿಂಗಳಲ್ಲಿ ಅದು ಬಾಗಿಲ ಬಳಿ ಮಲಗಿದ್ದನ್ನು ಬೀಗದಣ್ಣ ಕಂಡದ್ದು ಇದೇ ಮೊದಲು.

ಕೊರಳಪಟ್ಟಿಗೆ ಹಿತ್ತಾಳೆಯ ಬೀಗದ ಕೈ ಕಟ್ಟಿ, ಖಾಲಿ ಹಗ್ಗವನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಎಂಟಾಗುತ್ತಿದೆ, ಅಂಗಡಿ ತೆಗೆಯಬೇಕು. ಹೊರಡಲು ಮುದುಕಿಯನ್ನು ದಾಟಿಯೇ ಹೋಗಬೇಕು. ದಾಟುತ್ತಾರೆ. ಅದು ಬಾಲವನ್ನು ನೆಲಕ್ಕೆ ಎರಡು ಸಲ ಬಡಿಯುತ್ತದೆ, ಏಳುವುದಿಲ್ಲ.

ಅಷ್ಟರಲ್ಲಿ ಪ್ಯಾಂಟ್ ಕೈಯಲ್ಲಿ ಹಿಡಿದ ಗಿರಾಕಿಯೊಬ್ಬರು ಮೆಟ್ಟಿಲು ಹತ್ತಿ ಬಂದು ಹೊಸ್ತಿಲ ಬಳಿ ತಡೆಯುತ್ತಾರೆ.

"ಕಚ್ಚಲ್ಲ ತಾನೇ? ಯಾರ ನಾಯಿ ಇದು?"

ಮೆಷಿನ್ ನಿಲ್ಲುತ್ತದೆ. ಟೈಲರಮ್ಮ ಉತ್ತರಕ್ಕಾಗಿ ಬೀಗದಣ್ಣನ ಕಡೆ ನೋಡುತ್ತಾರೆ.

"ಕಚ್ಚಲ್ಲ, ಬನ್ನಿ," ಎನ್ನುತ್ತಾರೆ ಬೀಗದಣ್ಣ. "ಟೈಲರಮ್ಮಂದು."

ಮೆಟ್ಟಿಲು ಇಳಿಯುವ ಮುಂಚೆ ಒಂದು ಸಲ ತಿರುಗಿ ನೋಡುತ್ತಾರೆ.