ಬಾಲ ಊರಿ ಕೂತ ವಿಮಾನ

ಅಪ್ಪನಿಗೆ ನೆರವಾಗಲು ಶಾಲೆ ಬಿಟ್ಟೆ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದೆ. ಅದು ಸುಳ್ಳು. ಅಪ್ಪನಿಗಿಂತ ಸರಿಯಾದ ಮರದ ಆಟಿಕೆ ವಿಮಾನ ಮಾಡಿ ತೋರಿಸುವ ಹಟಕ್ಕೆ ಬಿಟ್ಟೆ.

ಇವತ್ತು ಸಾಗವಾನಿ ಉಜ್ಜುವಾಗ ಎದ್ದ ವಾಸನೆಗೆ ಮಾನ್ವಿಯ ಹಳೆಯ ಅಂಗಳ ನೆನಪಾಯಿತು. ಅಲ್ಲಿ ಅಪ್ಪ ಬಾಗಿಲ ಚೌಕಟ್ಟು ಮಾಡುತ್ತಿದ್ದ. ಮರದ ಬುಡ ಯಾವುದು, ತುದಿ ಯಾವುದು ಎಂದು ಗುರುತು ಹಾಕದೆ ಉಳಿ ಮುಟ್ಟುತ್ತಿರಲಿಲ್ಲ. ಮರ ಬೆಳೆದಂತೆಯೇ ಚೌಕಟ್ಟು ನಿಲ್ಲಬೇಕು. ತಲೆಕೆಳಗಾದರೆ ಮನೆಗೆ ಕೇಡು. ಚಿಕ್ಕವನಿದ್ದ ನಾನು ಒಮ್ಮೆ ಪೇಪರಿನ ಚಿತ್ರ ತೋರಿಸಿ, ಆಡಲು ಹತ್ತಿರದ ಊರುಗಳಿಗೆ ಹಾರುವ, ರೆಕ್ಕೆಗೆ ಫ್ಯಾನಿರುವ ಸಣ್ಣ ವಿಮಾನ ಕೇಳಿದೆ. ಅದಕ್ಕೂ ಅದೇ ಶಾಸ್ತ್ರ!

“ಯಪ್ಪಾ, ಇದು ಅಡ್ಡ ಇರ್ತದ. ಇದಕ್ಕೆಲ್ಲಿ ಬುಡ?”

“ಮ್ಯಾಲ ಹಾರೂದಲ್ಲೇನಲೇ? ಮೂತಿ ತುದಿ, ಬಾಲ ಬುಡ.”

ಬುಡದ ಕಡೆ ಮರ ಭಾರ. ಅದನ್ನು ತೆಳ್ಳಗೆ ಕೆತ್ತಲೂ ಅಪ್ಪನಿಗೆ ಮನಸ್ಸಿಲ್ಲ. ರೆಕ್ಕೆ, ಗಾಲಿ ಎಲ್ಲ ಚಂದ ಬಂದವು. ನೆಲಕ್ಕಿಟ್ಟರೆ ಮೂತಿ ಎತ್ತಿ, ಬಾಲ ಊರಿ, ನಾಯಿಯಂತೆ ಕೂತಿತು.

“ಮಂದಿ ತುಂಬೂತನ ಕುಂತದ ಬಿಡು, ನಮ್ಮ ಸಿರವಾರ ಟಂಟಂ ಆಟೋ ಇದ್ದಂಗ,” ಅವ್ವ ನಕ್ಕಳು. ನಾನು ಅತ್ತುಬಿಟ್ಟೆ.

ಈಗ ರಾಯಚೂರಿನಲ್ಲಿ ಅಪ್ಪ, ನಾನು ಇಬ್ಬರೂ ಇಂಥವನ್ನೇ ಮಾಡಿ ಮಾರುತ್ತೇವೆ. ಅಪ್ಪ ಹಾಕಿದ ಗುರುತಿನಂತೆಯೇ ಕೆತ್ತಿದ ಇವತ್ತಿನದೂ ಬಾಲ ಊರಿತು. ಇನ್ನು ಮೇಲೆ ಬುಡ ಮೂತಿಗೆ ಬರುವಂತೆ ಮರ ತಿರುಗಿಸಿ ಕೆತ್ತೋಣ ಎಂದು ಅಪ್ಪನಿಗೆ ಕೈಮುಗಿದು ಕೇಳಿದೆ.

“ನಾ ಇರೂತನ ಆಗೂದಿಲ್ಲಲೇ. ನಿಂದು ನೀ ಬ್ಯಾರೆ ಮಾಡ್ಕೋ.”

ಹೈದರಾಬಾದಿನಲ್ಲಿ ಇದೇ ಕೆಲಸದ ಕಾರ್ಖಾನೆಯವರು ಕರೆದಿದ್ದಾರೆ. ಬರುತ್ತೇನೆಂದು ಈಗ ಫೋನ್ ಮಾಡಿದೆ. ನಾಳೆ ಹೊರಡುತ್ತೇನೆ.