ಗರಾಜ್ ಸೇಲಿನಲ್ಲಿ ಒಂದು ಪದ

ವಿದೇಶದಲ್ಲಿ ಚೌಕಾಸಿಗೆ ನಿಂತರೆ ಹೆಂಡತಿಯೊಡನೆ ಕನ್ನಡದಲ್ಲೇ ಮಾತಾಡಿಕೊಳ್ಳಬೇಕು. ಇದು ಪಾತ್ರೆ ಅಂಗಡಿ ಇಟ್ಟು ಬೆಳೆದ ನನ್ನ ಸಲಹೆ. ಎಲ್ಲೆಲ್ಲೂ ಕೆಲಸ ಹೋಗುತ್ತಿರುವ ಈ ವರ್ಷ ಲೊಂಬಾರ್ಡ್ ಎಂಬ ಊರಿನಲ್ಲಿ ಒಂದು ಮನೆಯವರು ಸಾಮಾನನ್ನೆಲ್ಲ ಗರಾಜಿನಲ್ಲಿಟ್ಟು ಮಾರುತ್ತಿದ್ದರು. ಮಾರಲು ಕೂತಿದ್ದವರು ಆ ಮನೆಯ ಅಜ್ಜಿ, ಕೊಲಂಬಿಯಾದವರು. ನಾನು ಮರದ ಬೋಗುಣಿಯೊಂದನ್ನು ಎತ್ತಿಕೊಂಡೆ.

“ಮುಖದಲ್ಲಿ ಆಸೆ ತೋರಿಸ್ಬೇಡ ಕಣೇ,” ಎಂದೆ ಹೆಂಡತಿ ಶಾರದೆಗೆ, ಕನ್ನಡದಲ್ಲಿ.

“ನೀವೇ ತಬ್ಕೊಂಡು ನಿಂತಿದೀರಲ್ರೀ!”

ಅಜ್ಜಿ ನಕ್ಕುಬಿಟ್ಟರು. ಅವರ ಅಪ್ಪ ಅಮ್ಮನೂ ಸಂತೆಯಲ್ಲಿ ಹೀಗೇ ತಮ್ಮ ಬುಡಕಟ್ಟಿನ ಮಾತಿನಲ್ಲಿ ಪಿಸುಗುಟ್ಟುತ್ತಿದ್ದರಂತೆ. ಗುಟ್ಟು ಉಳಿಯಲೆಂದು ಮಕ್ಕಳಿಗೂ ಕಲಿಸಲಿಲ್ಲವಂತೆ. ಈಗ ಆ ಭಾಷೆ ಆಡುವವರು ಯಾರೂ ಇಲ್ಲ, ಬರೆದಿಟ್ಟವರೂ ಇಲ್ಲ. ಅಜ್ಜಿಗೆ ಉಳಿದಿರುವುದು ‘ತುಮೈ’ ಎಂಬ ಒಂದೇ ಪದ. ಅದರ ಅರ್ಥ ಹೇಳುವವರು ಇದುವರೆಗೆ ಸಿಕ್ಕಿರಲಿಲ್ಲ.

“ಯಾವಾಗ ಹೇಳ್ತಿದ್ರು?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ಕೊನೇಲಿ, ಜೋರಾಗಿ. ಹೇಳಿ ಇಬ್ರೂ ನಡೆದುಬಿಡ್ತಿದ್ರು.”

“ಅಂಗಡಿಯವನು ವಾಪಸ್ ಕರೀತಿದ್ನಾ?”

“ಯಾವಾಗ್ಲೂ!”

ನನಗೆ ಅನುಮಾನವೇ ಉಳಿಯಲಿಲ್ಲ. “‘ಬಾ, ಹೋಗೋಣ’ ಅಂತ ಅರ್ಥ, ಅಮ್ಮಾ. ಮದುವೆ ಆದಾಗಿಂದ ನಾನು ಇವಳಿಗೆ ಅಂಗಡಿ ಅಂಗಡೀಲೂ ಅದನ್ನೇ ಹೇಳ್ತಿದೀನಿ.”

ಅಜ್ಜಿ ಆ ಪದವನ್ನು ಮೆಲ್ಲಗೆ ಎರಡು ಸಲ ಹೇಳಿಕೊಂಡರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಬೋಗುಣಿಗೆ ಬಾಯಿಗೆ ಬಂದ ಬೆಲೆ ಹೇಳಿದರು.

ಶಾರದೆ ನನ್ನ ಕೈಯಿಂದ ಬೋಗುಣಿ ಕಿತ್ತು ಕೆಳಗಿಟ್ಟಳು. “ತುಮೈ, ರೀ!” ಎಂದು ಗಟ್ಟಿಯಾಗಿ ಹೇಳಿ ಹೊರಟೇಬಿಟ್ಟಳು. ನಾನೂ ಹಿಂದೆ ನಡೆದೆ.

ಕಾರು ಮುಟ್ಟುವ ಮೊದಲೇ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ನಮ್ಮನ್ನು ವಾಪಸ್ ಕರೆದರು.