ಇನ್ನೊಂದು ಸುತ್ತು

ನಮ್ಮ ಮನೆಯ ಹಿಂದಿನ ಕಲ್ಲು ಕ್ರಷರ್ ಬೆಳಗಾಗುತ್ತಲೇ ಕರಕರ ಶುರುಮಾಡುತ್ತದೆ. ಕಪಾಟಿನ ಲೋಟಗಳೂ ಜೊತೆಗೇ ನಡುಗುತ್ತವೆ. ಚಿಕ್ಕಮ್ಮ ಅದಕ್ಕೂ ಮೊದಲೇ ಎದ್ದು, ತೊಳೆದ ತಟ್ಟೆಗಳನ್ನೇ ಮತ್ತೆ ಉಜ್ಜುತ್ತಿರುತ್ತಾಳೆ. ಯಾವ ತಟ್ಟೆಯ ಅಂಚಿನಲ್ಲೂ ಹೂವಿನ ಚಿತ್ತಾರ ಉಳಿದಿಲ್ಲ.

"ಸಾಕು ಬಿಡೇ, ಇನ್ನು ಉಜ್ಜಿದ್ರೆ ತಟ್ಟೆ ಸವೆದು ಆಚೆಗಿರೋ ನಾನು ಕಾಣ್ತೀನಿ," ಎಂದು ಚಿಕ್ಕಪ್ಪ ರೇಗಿಸುತ್ತಾನೆ.

"ಹಾಗೇನಾದ್ರೂ ಆಗೋದಿದ್ರೆ ಯಾವತ್ತೋ ನಿಲ್ಲಿಸ್ತಿದ್ದೆ."

ನಾನು ಓದುವ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಅವಳಿಗಿರುವ ಕೆಲಸವೂ ಉಜ್ಜುವುದೇ. ಕಲ್ಲಿನ ಬಿಲ್ಲೆಯನ್ನು ಗಾಜಿನ ಪಟ್ಟಿಗೆ ಅಂಟಿಸಿ, ನೀರು ಮತ್ತು ಮಸೆಯುವ ಪುಡಿ ಹಾಕಿ, ಬೆಳಕು ಹಾಯುವಷ್ಟು ತೆಳ್ಳಗಾಗುವವರೆಗೆ ದಪ್ಪ ಗಾಜಿನ ಹಲಗೆಯ ಮೇಲೆ ಬೆರಳಿನಲ್ಲಿ ಒತ್ತಿ ಸುತ್ತಿಸಬೇಕು. ಉಜ್ಜಿದ್ದು ಕಡಿಮೆಯಾದರೆ ಸೂಕ್ಷ್ಮದರ್ಶಕದಲ್ಲಿ ಬರೀ ಮಬ್ಬು. ಹೆಚ್ಚಾದರೆ ಕಲ್ಲೇ ಇಲ್ಲ.

ಈ ಸಲ ಬಂದದ್ದು ಗೆಹ್ಲೆನೈಟ್. ಕರಗಿದ ಬಂಡೆಯ ಬೇಗೆ ಸುಣ್ಣಕಲ್ಲಿಗೆ ತಗುಲಿದಲ್ಲಿ, ಅದೂ ಅಪರೂಪಕ್ಕೆ, ಹುಟ್ಟುವ ಖನಿಜ. ನಮ್ಮ ಮನೆಯ ಹಿಂದಿನ ಕ್ರಷರ್‌ಗೆ ಕಲ್ಲು ಬರುವ ಕ್ವಾರಿಯಲ್ಲಿ ಅದಿದ್ದ ಪದರ ಆಗಲೇ ಜಲ್ಲಿಯಾಗಿ ರಸ್ತೆ ಸೇರಿತ್ತು. ನಮಗೆ ಪಾಠ ಹೇಳುವ ಮೇಡಂ ಮುಂಚೆಯೇ ಆಯ್ದು ತಂದಿದ್ದ ಚೂರಿನಿಂದ ಮೂರು ಬಿಲ್ಲೆಗಳಾದವು. ಎರಡನ್ನು ಚಿಕ್ಕಮ್ಮನ ಬೆರಳು ನೀರುಪಾಲು ಮಾಡಿತು.

ಮೂರನೆಯದಕ್ಕೆ ಮೇಡಂ ಪಕ್ಕದಲ್ಲೇ ಕೂತರು. ನಾನು ಕಿಟಕಿಗೆ ಒರಗಿ ನಿಂತೆ. ಚಿಕ್ಕಮ್ಮ ಸುತ್ತಿಸಿದಳು, ತೊಳೆದಳು, ಬೆಳಕಿಗೆ ಹಿಡಿದಳು, ಮತ್ತೆ ಸುತ್ತಿಸಿದಳು. ಮೇಜಿನಡಿ ಅವಳ ಕಾಲು ಕುಣಿಯುತ್ತಲೇ ಇತ್ತು.

"ನಿಧಾನ ಅಕ್ಕಾ. ಇದೂ ಹೋದ್ರೆ, ಅದು ಇಲ್ಲಿತ್ತು ಅಂತ ಯಾರೂ ನಂಬಲ್ಲ."

"ನೀವು ಮೊದಲು ಉಸಿರು ಬಿಡಿ ಮೇಡಂ. ನಿಮ್ಮನ್ನ ನೋಡಿ ನನಗೇ ಉಸಿರು ಕಟ್ಟುತ್ತೆ."

ಮೇಡಂ ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಇಣುಕಿದರು. "ಇದೆ ಅಕ್ಕಾ! ಬೂದು ಹರಳು, ಅಂಚಿನ ಸಮೇತ. ಸಾಕು, ನಿಲ್ಲಿಸಿಬಿಡಿ."

ಚಿಕ್ಕಮ್ಮನೂ ಇಣುಕಿದಳು. "ಒಂದು ಮೂಲೆ ದಪ್ಪ ಉಳಿದಿದೆ. ಇನ್ನೊಂದೇ ಒಂದು ಸುತ್ತು..."

ಕೈ ಆಗಲೇ ಪುಡಿಯ ಡಬ್ಬಿಯ ಮೇಲಿತ್ತು. ಆ ಕೈಯನ್ನು ಅವಳು ಬೇರೆ ಯಾರದ್ದೋ ಎಂಬಂತೆ ನೋಡಿದಳು. ಆಮೇಲೆ ಥಟ್ಟನೆ ಎದ್ದಳು.

"ಬೀರುವಿನಲ್ಲಿಟ್ಟು ಬೀಗ ಹಾಕಿ ಮೇಡಂ. ಕೀಲಿ ನನ್ನ ಕಣ್ಣಿಗೆ ಬೀಳಬಾರದು. ಇಲ್ಲೇ ಕೂತಿದ್ರೆ ನಾನು ಆ ಮೂಲೆನ ಬಿಡೋಳಲ್ಲ."

ಒದ್ದೆ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲು ದಾಟಿದಳು. ಮೆಟ್ಟಿಲಿಳಿಯುವಾಗಲೂ ಮಾತು ನಿಂತಿರಲಿಲ್ಲ: "ಆದ್ರೂ ಮೇಡಂ, ಆ ಮೂಲೆ ಒಂಚೂರು..."